ದೇವರ ಜಾಮೀನಿನ ಮೇಲೆ ಹೊಡೆದಾಟ

ಕಳೆದ ಒಂದು ದಶಕದಿಂದ ಭಾರತೀಯ ಸಿನಿಮಾದ ಬಗ್ಗೆ ಒಂದು ಅಭಿಪ್ರಾಯ ಯಾವ ಪರೀಕ್ಷೆಗೂ ಒಳಗಾಗದೆ ಚಲಾವಣೆಯಲ್ಲಿದೆ. 2015ರ ‘ಬಾಹುಬಲಿ: ದಿ ಬಿಗಿನಿಂಗ್’ ಮೊದಲ್ಗೊಂಡು ಇಂದಿನ ‘ಪ್ಯಾನ್ ಇಂಡಿಯಾ’ ಚಿತ್ರಗಳವರೆಗೆ, ಅಂದರೆ ಹಲವು ಭಾಷೆಗಳಲ್ಲಿ ಏಕಕಾಲಕ್ಕೆ ಬಿಡುಗಡೆಯಾಗಿ ಇಡೀ ದೇಶವನ್ನೇ ಒಂದು ಮಾರುಕಟ್ಟೆಯಾಗಿ ಕಾಣುವ ಭಾರಿ ಬಂಡವಾಳದ ಹೊಡೆದಾಟದ ಚಿತ್ರಗಳವರೆಗೆ, ದೇಶದ ಸಿನಿಮಾ ಪರಾನುಕರಣೆಯನ್ನು ಕೊಡವಿಕೊಂಡು ತನ್ನ ಪುರಾಣ, ತನ್ನ ದೈವ, ತನ್ನ ನಾದಗಳನ್ನು ಮರಳಿ ಪಡೆದಿದೆ ಎಂಬುದೇ ಆ ಅಭಿಪ್ರಾಯ. ಟಿವಿ ಚರ್ಚೆಗಳು, ಪತ್ರಿಕಾ ವಿಮರ್ಶೆಗಳು, ರಾಜಕಾರಣಿಗಳ ಅಭಿನಂದನೆಗಳು, ಅಭಿಮಾನಿ ಸಂಘಗಳ ಕಟೌಟುಗಳು ಎಲ್ಲವೂ ಈ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿವೆ. ತೆರೆಯ ಮೇಲೆ ತ್ರಿಶೂಲ ಹೊಳೆದು, ಹಿನ್ನೆಲೆಯಲ್ಲಿ ಸಂಸ್ಕೃತದ ನಾಲ್ಕು ಪದಗಳು ಮೊಳಗಿದರೆ ಸಾಕು, ಅದು ಸಂಸ್ಕೃತಿಯ ಪುನರುತ್ಥಾನ. ಇಷ್ಟು ಅಗ್ಗಕ್ಕೆ ಸಿಗುವ ಪುನರುತ್ಥಾನ ನಿಜಕ್ಕೂ ಯಾವುದರದು ಎಂದು ಯಾರೂ ಕೇಳುತ್ತಿಲ್ಲ. ಈ ಚಿತ್ರಗಳು ಪುರಾಣದಿಂದ ಬಲವನ್ನಷ್ಟೇ ಎತ್ತಿಕೊಂಡು, ಆ ಬಲವನ್ನು ಅಂಕೆಯಲ್ಲಿಟ್ಟಿದ್ದ ಪ್ರಶ್ನೆ, ಪರಿಣಾಮ, ಪಶ್ಚಾತ್ತಾಪಗಳನ್ನು ಹಿಂದೆ ಬಿಟ್ಟು ಬಂದಿವೆ. ನಾಯಕ ನಡೆಸುವ ಪ್ರತಿಯೊಂದು ಕೊಲೆಗೂ ದೇವರನ್ನು ಜಾಮೀನಿಗೆ ನಿಲ್ಲಿಸಿವೆ. ಮತ್ತು ಈ ವ್ಯವಹಾರಕ್ಕೆ ಸಂಸ್ಕೃತಿಯೆಂಬ ಹೆಸರಿಟ್ಟು ವಿಮರ್ಶೆಯ ಬಾಯಿ ಕಟ್ಟಿವೆ.

ಎಸ್.ಎಸ್. ರಾಜಮೌಳಿಯವರ ‘ಬಾಹುಬಲಿ’ಯಲ್ಲಿ ನಾಯಕನು ಬೃಹತ್ತಾದ ಶಿವಲಿಂಗವನ್ನು ನೆಲದಿಂದ ಕಿತ್ತು, ಹೆಗಲ ಮೇಲೆ ಹೊತ್ತು, ಜಲಪಾತದ ಕೆಳಗೆ ತಂದು ನಿಲ್ಲಿಸುವ ದೃಶ್ಯವನ್ನು ಈ ಹೊಸ ಯುಗದ ಮಂಗಳಾಚರಣೆಯೆಂದೇ ಕೊಂಡಾಡಲಾಗಿದೆ. ಅಭಿಷೇಕಕ್ಕೆ ನೀರು ಹೊರುವ ತಾಯಿಯ ಶ್ರಮವನ್ನು ತಪ್ಪಿಸುವುದು ಅದಕ್ಕೆ ಕೊಟ್ಟ ನೆಪವಾದರೂ, ಕ್ಯಾಮೆರಾ ಕಣ್ಣಿಟ್ಟು ನೋಡುವುದು ಉಬ್ಬಿದ ತೋಳನ್ನೇ ಹೊರತು ತಾಯಿಯ ದಣಿವನ್ನಲ್ಲ. ಆ ಗಳಿಗೆಯಲ್ಲಿ ಹಿನ್ನೆಲೆಯಲ್ಲಿ ಮೊಳಗುವುದು ಶಿವತಾಂಡವ ಸ್ತೋತ್ರದ ಪದಗಳು. ಆ ಸ್ತೋತ್ರವನ್ನು ಸಂಪ್ರದಾಯ ಯಾರ ಬಾಯಲ್ಲಿಟ್ಟಿದೆ? ರಾವಣನ ಬಾಯಲ್ಲಿ. ರಾಮಾಯಣದ ಉತ್ತರಕಾಂಡದಲ್ಲಿ ಬಲದ ಮದವೇರಿದ ರಾವಣ ಕೈಲಾಸವನ್ನೇ ಬುಡಸಮೇತ ಎತ್ತಲು ಹೊರಡುತ್ತಾನೆ. ಶಿವ ಕಾಲ್ಬೆರಳಿನಿಂದ ಬೆಟ್ಟವನ್ನು ಒತ್ತಿದಾಗ ಅವನ ತೋಳುಗಳು ಅಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಮೂರು ಲೋಕ ನಡುಗುವಂತೆ ಚೀರಿದ ಮೇಲೆ ಅವನು ಶಿವನನ್ನು ಸ್ತುತಿಸತೊಡಗುತ್ತಾನೆ. ಎಲ್ಲೋರದ ಕೈಲಾಸನಾಥ ದೇಗುಲದಲ್ಲೂ ಬೇಲೂರು ಹಳೇಬೀಡುಗಳ ಗೋಡೆಗಳಲ್ಲೂ ಶಿಲ್ಪಿಗಳು ಈ ಪ್ರಸಂಗವನ್ನು ಮತ್ತೆ ಮತ್ತೆ ಕಡೆದದ್ದು ರಾವಣನ ಸ್ನಾಯುಗಳ ಮೆರವಣಿಗೆಗಾಗಿ ಅಲ್ಲ. ಎಷ್ಟು ತೋಳುಗಳಿದ್ದರೂ ಮೇಲೆ ಕುಳಿತವನ ನಿರಾತಂಕವನ್ನು ಅವು ಕದಲಿಸಲಾರವು ಎಂಬುದನ್ನು ತೋರಿಸುವುದಕ್ಕಾಗಿ. ದೇವರನ್ನು ಎತ್ತಲು ಹೋದವನ ಕೈ ಅಪ್ಪಚ್ಚಿಯಾದಾಗ ಹುಟ್ಟಿದ ಸ್ತೋತ್ರವನ್ನು ದೇವರನ್ನು ಎತ್ತಿ ಗೆದ್ದವನಿಗೆ ಜಯಘೋಷವಾಗಿ ಬಳಸಿದ ಚಿತ್ರವನ್ನು ಪುರಾಣದ ಪುನರುತ್ಥಾನವೆಂದು ಕರೆಯಬೇಕಾದರೆ ಪುರಾಣವನ್ನು ಎಷ್ಟರ ಮಟ್ಟಿಗೆ ಮರೆತಿರಬೇಕು?

ಈ ತಲೆಕೆಳಗು ಆಕಸ್ಮಿಕವಲ್ಲ. ಅದು ಈ ಚಿತ್ರಪ್ರಕಾರದ ವ್ಯಾಕರಣವೇ ಆಗಿದೆ. ಭರತನ ನಾಟ್ಯಶಾಸ್ತ್ರ ವೀರ ಮತ್ತು ರೌದ್ರ ಎಂಬ ಎರಡು ರಸಗಳನ್ನು, ಅಂದರೆ ಸಹೃದಯನಲ್ಲಿ ಆಸ್ವಾದವಾಗಿ ಮಾಗುವ ಎರಡು ಭಾವಸ್ಥಿತಿಗಳನ್ನು, ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ವೀರದ ಸ್ಥಾಯಿಭಾವ, ಎಂದರೆ ಅದರ ತಳದಲ್ಲಿ ನೆಲೆನಿಂತ ಭಾವ, ಉತ್ಸಾಹ. ಅದು ಉತ್ತಮ ಪ್ರಕೃತಿಯವರದು, ಅದಕ್ಕೆ ಸ್ಥೈರ್ಯ, ತ್ಯಾಗ, ನೀತಿಗಳು ಬೇಕು. ದಾನ ಮಾಡುವವನೂ ಧರ್ಮಕ್ಕಾಗಿ ನಿಲ್ಲುವವನೂ ಕತ್ತಿಯನ್ನೇ ಹಿಡಿಯದೆ ವೀರರಾಗಬಲ್ಲರು. ರೌದ್ರದ ಸ್ಥಾಯಿಭಾವ ಕ್ರೋಧ. ಕಡಿ, ಸೀಳು, ಹರಿ, ರಕ್ತ ಹರಿಸು ಎಂಬ ಕ್ರಿಯೆಗಳು ಅದರ ಲಕ್ಷಣ. ಅದನ್ನು ಭರತ ರಾಕ್ಷಸರಿಗೂ ದಾನವರಿಗೂ ಉದ್ಧತ ಮನುಷ್ಯರಿಗೂ ಹೇಳಿದ್ದಾನೆ. ಈ ಅಳತೆಗೋಲನ್ನು ಹಿಡಿದರೆ ಇಂದಿನ ಹೊಡೆದಾಟದ ನಾಯಕರು ಯಾವ ಪಂಕ್ತಿಯಲ್ಲಿ ಕೂರಬೇಕು? ಅಘೋರಿಯ ವೇಷದಲ್ಲಿ ತ್ರಿಶೂಲದಿಂದ ಶತ್ರುಗಳನ್ನು ಚುಚ್ಚಿ ಎಸೆಯುವ 2021ರ ‘ಅಖಂಡ’ದ ನಾಯಕ, ಕೈದಿಗಳಂತೆ ದುಡಿಯುವವರ ಕಣ್ಣೆದುರು ಕೊಲೆಯ ಮೂಲಕವೇ ಸಿಂಹಾಸನಕ್ಕೇರುವ ‘ಕೆ.ಜಿ.ಎಫ್’ನ ನಾಯಕ, ಇವರೆಲ್ಲ ಶಾಸ್ತ್ರದ ಪ್ರಕಾರ ರೌದ್ರದ ಪಾತ್ರಗಳು. ರೌದ್ರಕ್ಕೆ ವೀರದ ಪೇಟ ತೊಡಿಸಿ, ಅದರ ಹಣೆಗೆ ವಿಭೂತಿ ಬಳಿದು, ಇದೇ ಪರಂಪರೆಯೆಂದು ಮಾರುವವರು ಪರಂಪರೆಯ ಮೊದಲ ಪಾಠವನ್ನೇ ಓದಿಲ್ಲ. ಯುದ್ಧ, ಮರಣ, ರಾಜ್ಯಭ್ರಂಶ, ನಗರದ ಮುತ್ತಿಗೆ ಇವುಗಳನ್ನು ನಾಟಕದ ಅಂಕದೊಳಗೆ ಪ್ರತ್ಯಕ್ಷವಾಗಿ ತೋರಿಸದೆ, ಅಂಕಗಳ ನಡುವೆ ಬರುವ ಪ್ರವೇಶಕವೆಂಬ ಕಿರುದೃಶ್ಯದಲ್ಲಿ ಮಾತಿನಿಂದ ತಿಳಿಸಬೇಕೆಂದು ಅದೇ ಶಾಸ್ತ್ರ ವಿಧಿಸಿದೆ. ಸಿನಿಮಾ ಆ ವಿಧಿಗೆ ಕಟ್ಟುಬೀಳಬೇಕಿಲ್ಲ ನಿಜ. ಆದರೆ ತಲೆ ಹಾರುವುದನ್ನು ನಿಧಾನಗತಿಯಲ್ಲಿ ತೋರಿಸಿ, ಅದಕ್ಕೆ ಭಾರತೀಯ ರಂಗಪರಂಪರೆಯ ಹೆಸರಿನಲ್ಲಿ ಗೌರವ ಬೇಡುವ ಹಕ್ಕು ಅದಕ್ಕಿಲ್ಲ.

ದೇವರ ಜಾಮೀನು ಹೇಗೆ ಕೆಲಸ ಮಾಡುತ್ತದೆಂಬುದು ಕೊಲೆಯ ದೃಶ್ಯಗಳಲ್ಲಿ ನಿಚ್ಚಳವಾಗುತ್ತದೆ. 2018ರ ‘ಕೆ.ಜಿ.ಎಫ್: ಚಾಪ್ಟರ್ 1’ರ ಕೊನೆಯ ಕೊಲೆ ಕಾಳಿಯ ಪೂಜೆಯ ಸನ್ನಿಧಿಯಲ್ಲಿ ನಡೆಯುತ್ತದೆ. 2023ರ ‘ಸಲಾರ್’ನಲ್ಲಿ ನಾಯಕ ತಲೆ ಕತ್ತರಿಸುವ ಗಳಿಗೆಗೆ ಗ್ರಾಮದೇವತೆ ಕಾಟೇರಮ್ಮನ ಪೂಜೆಯೇ ಹಿನ್ನೆಲೆಯಾಗಿ, ಹೆಂಗಸರು ಅವನಲ್ಲಿ ದೇವಿಯನ್ನೇ ಕಂಡು ಕೈಮುಗಿಯುತ್ತಾರೆ. ಎರಡು ಚಿತ್ರಗಳ ನಿರ್ದೇಶಕರೂ ಒಬ್ಬರೇ, ಪ್ರಶಾಂತ್ ನೀಲ್, ತಂತ್ರವೂ ಒಂದೇ. ಕೊಲೆಗೆ ಕಾರಣ ಕೊಡಬೇಕಾದ ಹೊಣೆ ಕಥೆಯದು. ಆ ಹೊಣೆಯನ್ನು ದೇವಿಗೆ ವರ್ಗಾಯಿಸಿದ ಕೂಡಲೇ ಕಥೆಗಾರ ಋಣಮುಕ್ತನಾಗುತ್ತಾನೆ. ನಾಯಕ ಯಾರನ್ನು ಕೊಂದ, ಏಕೆ ಕೊಂದ, ಕೊಲ್ಲದೆ ಇರಲು ಸಾಧ್ಯವಿತ್ತೇ, ಕೊಂದ ಮೇಲೆ ಅವನಿಗೇನಾಯಿತು ಎಂಬ ಯಾವ ಪ್ರಶ್ನೆಯೂ ಉಳಿಯುವುದಿಲ್ಲ, ಏಕೆಂದರೆ ಆರತಿ ಬೆಳಗಿದ ಮೇಲೆ ಪ್ರಶ್ನೆ ಕೇಳುವುದು ನಾಸ್ತಿಕತೆಯಾಗುತ್ತದೆ. ಮಹಾಭಾರತ ಮಾಡಿದ್ದು ಇದರ ವಿರುದ್ಧ ದಿಕ್ಕಿನ ಕೆಲಸ. ಅಲ್ಲಿ ದೇವರು ಸಾರಥಿಯಾಗಿ ರಥದ ಮೇಲೆಯೇ ಕುಳಿತಿದ್ದರೂ ಯಾವ ಕೊಲೆಯೂ ವಿಚಾರಣೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಗೆದ್ದವರ ಮಕ್ಕಳು ಸೌಪ್ತಿಕಪರ್ವದಲ್ಲಿ ನಿದ್ದೆಯಲ್ಲೇ ಹತರಾಗುತ್ತಾರೆ. ಸ್ತ್ರೀಪರ್ವದಲ್ಲಿ ಗಾಂಧಾರಿ ಸ್ವಯಂ ಕೃಷ್ಣನನ್ನೇ ಶಪಿಸುತ್ತಾಳೆ, ಆ ಶಾಪ ಮೌಸಲಪರ್ವದಲ್ಲಿ ಫಲಿಸುತ್ತದೆ. ಪಟ್ಟವೇರಬೇಕಾದ ಯುಧಿಷ್ಠಿರ ಶಾಂತಿಪರ್ವದ ಆರಂಭದಲ್ಲಿ ತನಗೆ ರಾಜ್ಯವೇ ಬೇಡವೆಂದು ಹಟ ಹಿಡಿಯುತ್ತಾನೆ. ಒಂಬತ್ತನೆಯ ಶತಮಾನದ ಆನಂದವರ್ಧನ ತನ್ನ ‘ಧ್ವನ್ಯಾಲೋಕ’ದಲ್ಲಿ ಇಡೀ ಮಹಾಭಾರತದ ಪ್ರಧಾನ ರಸ ಶಾಂತವೆಂದು, ಎಂದರೆ ಎಲ್ಲ ಗೆಲುವುಗಳ ನಿಸ್ಸಾರತೆಯನ್ನು ಕಂಡ ಮನಸ್ಸಿನ ಶಮವೆಂದು ಹೇಳಿದ್ದು ಇದಕ್ಕಾಗಿಯೇ. ಹದಿನೆಂಟು ದಿನಗಳ ಕಾಳಗದ ಕಾವ್ಯವನ್ನು ಪ್ರಾಚೀನ ವಿಮರ್ಶಕ ಶಾಂತರಸದ ಕೃತಿಯೆಂದು ಓದಬಲ್ಲವನಾಗಿದ್ದ. ಇಂದಿನ ವಿಮರ್ಶಕ ಆ ಕಾವ್ಯದಿಂದ ಕಿತ್ತ ಒಂದು ಬಾಣವನ್ನು ಕಂಡು ಮೈ ಜುಮ್ಮೆಂದಿತೆಂದು ಬರೆಯುತ್ತಾನೆ.

2024ರ ‘ಕಲ್ಕಿ 2898 ಎಡಿ’ಯಲ್ಲಿ ಪುರಾಣದ ಬಲವನ್ನಷ್ಟೇ ಎತ್ತಿಕೊಳ್ಳುವ ಈ ಬಡತನಕ್ಕೆ ಮತ್ತೊಂದು ನಿದರ್ಶನವಿದೆ. ಮೂಲದಲ್ಲಿ ಅಶ್ವತ್ಥಾಮ ಭಾರತೀಯ ಕಲ್ಪನೆ ಹುಟ್ಟಿಸಿದ ಅತ್ಯಂತ ಭಯಾನಕ ಶಿಕ್ಷೆಯ ರೂಪ. ಮಲಗಿದ್ದವರನ್ನು ಕೊಂದು, ಉತ್ತರೆಯ ಗರ್ಭದ ಮೇಲೆ ಅಸ್ತ್ರ ಬಿಟ್ಟವನು ಸಾವಿಲ್ಲದೆ, ಸಂಗಾತಿಯಿಲ್ಲದೆ, ಕೀವು ನೆತ್ತರುಗಳ ದುರ್ವಾಸನೆ ಹೊತ್ತು ಅಲೆಯಬೇಕಾದ ಶಾಪ ಅವನದು. ಚಿತ್ರ ಆ ಪಾಪವನ್ನು ಪೀಠಿಕೆಯಲ್ಲಿ ಹೇಳಿ ಮುಗಿಸಿ, ಮುಂದೆ ಅವನನ್ನು ಭವಿಷ್ಯದ ಅವತಾರಶಿಶುವನ್ನು ಕಾಯುವ ದೈತ್ಯಬಲದ ಕಾವಲುಗಾರನನ್ನಾಗಿ ನೇಮಿಸಿಕೊಳ್ಳುತ್ತದೆ. ಶಾಪ ಇಲ್ಲಿ ಹೊರೆಯಾಗದೆ ಅರ್ಹತೆಯಾಗುತ್ತದೆ, ಅಮರತ್ವವೆಂದರೆ ಇನ್ನಷ್ಟು ಹೊಡೆದಾಡುವ ಅವಕಾಶವಾಗುತ್ತದೆ. ಅಪರಾಧಪ್ರಜ್ಞೆಯನ್ನು ಹೊಡೆದಾಟದ ಪಟ್ಟಾಗಿ ಪರಿವರ್ತಿಸುವ ಸಿನಿಮಾಕ್ಕೆ ಮಹಾಭಾರತದ ಹೆಸರು ಬೇಕು, ಮಹಾಭಾರತದ ತಳಮಳ ಬೇಡ.

ಎದುರಾಳಿಯ ಚಿತ್ರಣದಲ್ಲಿ ಈ ಸಿನಿಮಾ ಪರಂಪರೆಗೆ ಎಸಗಿದ ದ್ರೋಹ ಇನ್ನೂ ದೊಡ್ಡದು. ವನಪರ್ವದಲ್ಲಿ ಅರ್ಜುನ ಎದುರಿಸುವ ಕಾಲಕೇಯರು ಹಿರಣ್ಯಪುರವೆಂಬ ಆಕಾಶಗಾಮಿ ನಗರದ ನಿವಾಸಿಗಳು, ದೇವತೆಗಳೂ ಅಸೂಯೆಪಡುವ ವೈಭವದವರು. ‘ಬಾಹುಬಲಿ’ ಅವರ ಹೆಸರನ್ನಷ್ಟೇ ಎರವಲು ಪಡೆದು, ಕಪ್ಪು ಮೈಯ, ಕೊಳಕು ಹಲ್ಲಿನ, ಯಾರಿಗೂ ಅರ್ಥವಾಗದ ಕೃತಕ ಭಾಷೆಯಲ್ಲಿ ಕಿರುಚುವ ಕಾಡು ದಂಡೊಂದನ್ನು ಸೃಷ್ಟಿಸಿತು. ಮೈಬಣ್ಣವನ್ನು ಪಾಪದ ಗುರುತಾಗಿಯೂ ಅರ್ಥವಾಗದ ನುಡಿಯನ್ನು ಮೃಗತ್ವದ ಗುರುತಾಗಿಯೂ ತೋರಿಸಿದ್ದು ಯಾವ ಪುರಾಣ? ಅದು ವಸಾಹತು ಕಾಲದ ಸಾಹಸಕಥೆಗಳು ಬುಡಕಟ್ಟು ಜನರನ್ನು ಬಣ್ಣಿಸಿದ ರೀತಿಯೇ ಹೊರತು ವ್ಯಾಸರದಲ್ಲ. ಇದಕ್ಕೆ ಎದುರಾಗಿ ಕನ್ನಡ ಸಿನಿಮಾದ ಪೌರಾಣಿಕ ಪರಂಪರೆಯನ್ನು ಇಟ್ಟು ನೋಡಬೇಕು. ನಾಡಿನ ಅತ್ಯಂತ ಪ್ರೀತಿಯ ನಟ ರಾಜಕುಮಾರ್ 1958ರ ‘ಭೂಕೈಲಾಸ’ದಲ್ಲಿ ರಾವಣನಾದರು, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರನಾದರು, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾದರು; 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ಅವನ ಮಗನೂ ಆಗಿ ಒಬ್ಬರೇ ಎರಡು ಪಕ್ಷವನ್ನು ವಾದಿಸಿದರು, ಅದೂ ಹಾಡಿನಲ್ಲಿ. ಸೋಲಬೇಕಾದವನ ಹಿರಿಮೆಯನ್ನು ಕಾಣಿಸುವುದಕ್ಕೆ ನಾಡಿನ ಅತಿ ದೊಡ್ಡ ತಾರೆಯೇ ಬೇಕೆಂದು ಆ ಸಿನಿಮಾ ನಂಬಿತ್ತು. ಇಂದಿನ ಯಾವ ತಾರೆ ಕೊನೆಯಲ್ಲಿ ದೇವರ ಕೈಯಲ್ಲಿ ಸಾಯುವ ಪಾತ್ರಕ್ಕೆ ಸಹಿ ಹಾಕಿಯಾನು?

ಆಶ್ರಯದಾತನನ್ನು ದೇವರ ಮಟ್ಟಕ್ಕೇರಿಸುವುದು ಭಾರತೀಯ ಕಾವ್ಯದಲ್ಲೂ ಇತ್ತಲ್ಲವೇ ಎಂದು ಕೇಳುವ ಜಾಣರಿಗೆ ಉತ್ತರ ಕನ್ನಡದ ಆದಿಕವಿಯಲ್ಲೇ ಇದೆ. ಕ್ರಿ.ಶ. 941ರಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ, ಇಂದಿನ ಅಭಿಮಾನಿಗಳ ಭಾಷೆಯಲ್ಲಿ ಹೇಳುವುದಾದರೆ ಅದು ಸಂಪೂರ್ಣ ‘ಬಿಲ್ಡಪ್’. ಆದರೂ ಆ ಕಾವ್ಯವನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ ನಿಲ್ಲುವವನು ಕರ್ಣ, ಏಕೆಂದರೆ ಒಡೆಯನ ಅನ್ನ ತಿಂದ ಕವಿ ಒಡೆಯನ ವೈರಿಯ ನನ್ನಿಯನ್ನು, ತ್ಯಾಗವನ್ನು ಮುಚ್ಚಿಡಲಿಲ್ಲ. ರನ್ನನೂ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಾಗಿಸಿ ‘ಗದಾಯುದ್ಧ’ವನ್ನು ಬರೆದ, ಆದರೆ ಅಲ್ಲಿ ಹೆಣಗಳ ನಡುವೆ ನಡೆದು, ತನ್ನವರಿಗಾಗಿ ಅಳುವುದಷ್ಟೇ ಅಲ್ಲ, ಶತ್ರುವಿನ ಮಗ ಅಭಿಮನ್ಯುವಿನ ಪರಾಕ್ರಮಕ್ಕೂ ತಲೆಬಾಗುವ ದುರ್ಯೋಧನನೇ ಕಾವ್ಯದ ಎದೆಯನ್ನು ಆಳುತ್ತಾನೆ. ಕರಾವಳಿಯ ತಾಳಮದ್ದಳೆಯಲ್ಲಿ, ಎಂದರೆ ವೇಷವಿಲ್ಲದೆ ಕುಳಿತು ಭಾಗವತರ ಪದ್ಯಕ್ಕೆ ಅರ್ಥ ಹೇಳುವ ಯಕ್ಷಗಾನದ ಪ್ರಕಾರದಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ರಾವಣ, ವಾಲಿಯರ ಪಕ್ಷವನ್ನು ಎಷ್ಟು ಸಮರ್ಥವಾಗಿ ವಾದಿಸುತ್ತಿದ್ದರೆಂದರೆ ಬಾಣ ಹೂಡಿದ ರಾಮನೇ ಉತ್ತರಕ್ಕೆ ತಡಕಾಡಬೇಕಾಗುತ್ತಿತ್ತು. ಅದನ್ನು ಕೇಳಿದ ಭಕ್ತರ ರಾಮಭಕ್ತಿ ಎಳ್ಳಷ್ಟೂ ಕುಂದಲಿಲ್ಲ. ದೇವರ ಎದುರು ನಿಂತು ಪ್ರಶ್ನಿಸಬಲ್ಲ ಎದುರಾಳಿಯನ್ನು ಕೊಂದುಹಾಕಿದ ಸಿನಿಮಾ ಭಕ್ತಿಯನ್ನು ಬೆಳೆಸುತ್ತಿಲ್ಲ, ಭಕ್ತಿಯ ಹೆಸರಿನಲ್ಲಿ ಬುದ್ಧಿಯನ್ನು ಮಲಗಿಸುತ್ತಿದೆ.

ಇನ್ನು ನೆಲದ ದೈವಗಳ ಪಾಡು. 2022ರ ‘ಕಾಂತಾರ’ವನ್ನು ತುಳುನಾಡಿನ ದೈವಾರಾಧನೆಗೆ ಸಂದ ಗೌರವವೆಂದು ದೇಶವೇ ಹೊಗಳಿತು. ಪಂಜುರ್ಲಿ ತುಳುವರ ಹಂದಿದೈವ. ಅದರ ಹುಟ್ಟು, ಸಂಚಾರ, ಕಾರಣಿಕಗಳನ್ನು ಪಾಡ್ದನಗಳು, ಅಂದರೆ ಕೋಲವೆಂಬ ದೈವನೃತ್ಯ ಕಟ್ಟುವ ಸಮುದಾಯಗಳವರೂ ನಾಟಿ ಗದ್ದೆಯ ಹೆಂಗಸರೂ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ತುಳು ಕಥನಗೀತೆಗಳು, ತಮ್ಮದೇ ರೀತಿಯಲ್ಲಿ ಹೇಳುತ್ತವೆ. ಕಥೆಯನ್ನು ಶಿವಪಾರ್ವತಿಯರ ತೋಟದಿಂದ ಆರಂಭಿಸುವ ಪಾಠಗಳೂ ಇವೆ. ಚಿತ್ರ ತನ್ನ ಶಿಖರದ ಗಳಿಗೆಯಲ್ಲಿ ಆ ದೈವವನ್ನು ಸ್ತುತಿಸಿದ್ದು ತುಳುವಿನಲ್ಲಿ ಅಲ್ಲ, ಸಂಸ್ಕೃತಭೂಯಿಷ್ಠವಾದ ಕನ್ನಡದಲ್ಲಿ. ಅದೂ ‘ವರಾಹ ರೂಪಂ’ ಎಂದು, ವಿಷ್ಣುವಿನ ಅವತಾರದ ನೆರಳಿನಲ್ಲಿ ನಿಲ್ಲಿಸಿ. ತನ್ನ ಹೆಸರಿನಲ್ಲೇ ನಂಬಿಸಿಕೊಂಡ ದೈವವೊಂದು ದೇಶದ ಮಾರುಕಟ್ಟೆಗೆ ಹೊರಡುವಾಗ ಪುರಾಣದ ಶಿಫಾರಸುಪತ್ರ ಹಿಡಿದು ಏಕೆ ಹೋಗಬೇಕಾಯಿತು? ಕೋಲದ ಕೇಂದ್ರವಾದ ನುಡಿ, ಎಂದರೆ ದೈವ ಊರವರ ವ್ಯಾಜ್ಯ ಕೇಳಿ, ಇಬ್ಬರಿಗೂ ಮಾತಿನ ಅವಕಾಶ ಕೊಟ್ಟು, ನ್ಯಾಯ ಹೇಳಿ ಅಭಯ ನೀಡುವ ಕ್ರಮ, ಚಿತ್ರದ ಕೊನೆಯಲ್ಲಿ ಎದುರಾಳಿಗಳ ಎಲುಬು ಮುರಿಯುವ ಆವೇಶಕ್ಕೆ ಪೀಠಿಕೆಯಾಗಿಬಿಟ್ಟಿತು. ಪರಿಣಾಮ ಬೇಗನೆ ಕಂಡಿತು: 2025ರಲ್ಲಿ ‘ಕಾಂತಾರ: ಚಾಪ್ಟರ್ 1’ ಬಿಡುಗಡೆಯಾದಾಗ ದೈವದ ಆವೇಶವನ್ನು ಸಾರ್ವಜನಿಕವಾಗಿ ಅಣಕಿಸಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಪ್ರೇಕ್ಷಕರನ್ನು ಕೋರಬೇಕಾಯಿತು. ಆರಾಧನೆಯನ್ನು ರೋಮಾಂಚನವಾಗಿ ಮಾರಿದ ಮೇಲೆ ಕೊಂಡವರು ಅದನ್ನು ರೋಮಾಂಚನವಾಗಿಯೇ ಬಳಸಿದರೆ ಅಚ್ಚರಿಯೇನು? ಮೊದಲ ಚಿತ್ರ ನೂರಾರು ಕೋಟಿ ಗಳಿಸಿದ ವೇಳೆಯಲ್ಲಿ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಪ್ರಕಟಿಸಿತು. ಪಂಬದ, ನಲಿಕೆ, ಪರವ ಸಮುದಾಯಗಳು ತಲೆಮಾರುಗಳಿಂದ ಮೈಮೇಲೆ ಹೊತ್ತು ತಂದ ಕಲೆಗೆ ಈ ಪುನರುತ್ಥಾನ ಕಟ್ಟಿದ ಬೆಲೆ ಅಷ್ಟು.

2024ರ ‘ಪುಷ್ಪ 2’ ತಿರುಪತಿಯ ಗಂಗಮ್ಮ ಜಾತ್ರೆಯನ್ನು ಬಳಸಿಕೊಂಡ ರೀತಿಯೂ ಇದೇ ಜಾಡಿನದು. ಹೆಂಗಸರನ್ನು ಕಾಡುತ್ತಿದ್ದ ಪಾಳೆಯಗಾರನನ್ನು ದೇವಿ ವೇಷ ಬದಲಿಸುತ್ತ ಬೆನ್ನಟ್ಟಿ ಕೊಂದಳೆಂಬುದು ಆ ಜಾತ್ರೆಯ ಐತಿಹ್ಯ. ಅಲ್ಲಿ ಗಂಡಸರು ಹರಕೆ ಹೊತ್ತು ಹೆಣ್ಣುವೇಷ ಧರಿಸುವುದು ಗಂಡಸುತನವನ್ನು ಕೆಲದಿನಗಳ ಮಟ್ಟಿಗಾದರೂ ಕೆಳಗಿಳಿಸಿ ದೇವಿಯ ಶಕ್ತಿಗೆ ಶರಣಾಗುವ ವಿಧಿ. ಚಿತ್ರದಲ್ಲಿ ಸೀರೆ ಉಟ್ಟ ನಾಯಕ ಗಂಡಸುತನವನ್ನು ಕೆಳಗಿಳಿಸುವ ಬದಲು ಅದನ್ನು ಇಮ್ಮಡಿಗೊಳಿಸುತ್ತಾನೆ. ದೇವಿಯ ಒಡವೆಗಳು ತಾರೆಯ ಅಲಂಕಾರವಾಗುತ್ತವೆ. ತಾನೇ ಬೆನ್ನಟ್ಟಿ ಕೊಲ್ಲಬಲ್ಲ ದೇವಿಯ ಊರಿನಲ್ಲಿ ಹೆಣ್ಣುಮಗಳೊಬ್ಬಳು ಅಪಹರಣಕ್ಕೊಳಗಾಗಿ ಚಿಕ್ಕಪ್ಪನಾದ ನಾಯಕನ ಬರವಿಗಾಗಿ ಕಾಯುತ್ತಾಳೆ. ಹೆಣ್ಣಿನ ಉಗ್ರತೆಯನ್ನೂ ಗಂಡಿನ ಖಾತೆಗೆ ಜಮಾ ಮಾಡಿದ ಈ ದೃಶ್ಯವನ್ನು ಶಕ್ತಿಪೂಜೆಯೆಂದು ಕರೆದವರಿಗೆ ಶಕ್ತಿಯೂ ಗೊತ್ತಿಲ್ಲ, ಪೂಜೆಯೂ ಗೊತ್ತಿಲ್ಲ.

ಇತಿಹಾಸದ ಮನುಷ್ಯರೂ ಈ ಯಂತ್ರದಿಂದ ಪಾರಾಗಿಲ್ಲ. 2022ರ ‘ಆರ್‌ಆರ್‌ಆರ್’ನಲ್ಲಿ 1922ರಿಂದ 1924ರವರೆಗೆ ರಂಪ ಬಂಡಾಯ ನಡೆಸಿದ ಅಲ್ಲೂರಿ ಸೀತಾರಾಮರಾಜು ಕೊನೆಗೆ ಕಾವಿಯುಟ್ಟು, ಬಿಲ್ಲು ಹಿಡಿದು, ಅಕ್ಷರಶಃ ಶ್ರೀರಾಮನ ರೂಪ ತಾಳುತ್ತಾನೆ. ನಿಜಾಮನ ಆಡಳಿತದ ವಿರುದ್ಧ ಗೊಂಡರನ್ನು ಸಂಘಟಿಸಿ, ನೀರು, ಕಾಡು, ನೆಲದ ಹಕ್ಕಿಗಾಗಿ ಹೋರಾಡಿ 1940ರಲ್ಲಿ ಗುಂಡಿಗೆ ಬಲಿಯಾದ ಕೊಮರಂ ಭೀಮ್ ಆ ರಾಮನ ನಿಷ್ಠಾವಂತ ಬಂಟನಾಗಿ, ಕಡೆಯಲ್ಲಿ ತನಗೂ ತನ್ನವರಿಗೂ ಅಕ್ಷರ ಕಲಿಸೆಂದು ಬೇಡುತ್ತಾನೆ. ತನ್ನದೇ ರಾಜಕೀಯ ವಿವೇಕವಿದ್ದ ಬುಡಕಟ್ಟು ನಾಯಕನನ್ನು ಸ್ವಾಮಿಭಕ್ತಿಯ ಪಾತ್ರಕ್ಕೆ ಇಳಿಸಲು ರಾಮಾಯಣವನ್ನು ಬಳಸಿಕೊಂಡದ್ದು ರಾಮಾಯಣಕ್ಕೂ ಅವಮಾನ, ಗೊಂಡರಿಗೂ ಅವಮಾನ. ಕೋಲಾರದ ಚಿನ್ನದ ಗಣಿಗೂ ಇದೇ ಗತಿ ಬಂದಿತು. ಜಾನ್ ಟೇಲರ್ ಕಂಪನಿಯ ಕಾಲದಿಂದ 2001ರಲ್ಲಿ ಗಣಿ ಮುಚ್ಚುವವರೆಗೆ ಭೂಮಿಯಡಿ ಮೂರು ಕಿಲೋಮೀಟರಿಗೂ ಆಳದಲ್ಲಿ ದುಡಿದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಮಾತಾಡುವ ದಲಿತ ಕುಟುಂಬಗಳವರು. 1930ರಲ್ಲಿ ಮುಷ್ಕರ ಹೂಡಿ ಬಲಿಷ್ಠ ಕಂಪನಿಯನ್ನು ಎದುರಿಸಿದ್ದೂ ಅವರೇ. ‘ಕೆ.ಜಿ.ಎಫ್’ನ ಪರದೆಯ ಮೇಲೆ ಅವರ ಜಾಗದಲ್ಲಿರುವುದು ಮಸಿ ಬಳಿದ ಮೂಕ ಗುಲಾಮರ ಗುಂಪು. ಅದಕ್ಕೆ ತಾನಾಗಿ ತಲೆಯೆತ್ತುವ ಶಕ್ತಿಯಿಲ್ಲ, ಅವತಾರಪುರುಷನೊಬ್ಬ ಬರಬೇಕು. ಸಂಘಟಿತ ದುಡಿಮೆಗಾರರ ಚರಿತ್ರೆಯನ್ನು ಅವತಾರಕಥೆಯ ಅಚ್ಚಿಗೆ ಸುರಿದರೆ ಉಳಿಯುವುದು ಕಾಯುವ ಕುರಿಮಂದೆ ಮಾತ್ರ.

ಸಂಗೀತದ ವಿಷಯದಲ್ಲಿ ಈ ಸಿನಿಮಾ ಹೇಳಿಕೊಳ್ಳುವ ಸ್ವದೇಶಿತನ ಎಲ್ಲಕ್ಕಿಂತ ಪೊಳ್ಳು. ಅಭಿಮಾನಿಗಳು ಬಿಜಿಎಂ ಎಂದು ಕರೆಯುವ ಹಿನ್ನೆಲೆ ಸಂಗೀತದಲ್ಲಿ ಒಂದು ಅಚ್ಚು ನೆಲೆನಿಂತಿದೆ: ಕೆಳಸ್ಥಾಯಿಯ ತಂತಿವಾದ್ಯಗಳ ಒಂದೇ ತುಣುಕಿನ ಪುನರಾವೃತ್ತಿ, ಗುಡುಗುವ ತಾಳವಾದ್ಯ, ಅದರ ಮೇಲೆ ಸಂಸ್ಕೃತವನ್ನೋ ಸಂಸ್ಕೃತದಂತೆ ಕೇಳಿಸುವ ಪದಗಳನ್ನೋ ಕೂಗುವ ಭಾರಿ ಗಂಟಲಮೇಳ. ಇದನ್ನು ವೇದಘೋಷದ ಪ್ರತಿಧ್ವನಿಯೆಂದು ಕೊಂಡಾಡುವವರು ಅದರ ವಂಶಾವಳಿಯನ್ನು ನೋಡಬೇಕು. ಗುಡುಗುವ ಗಂಟಲಮೇಳಕ್ಕೆ ಮಾದರಿ ಜರ್ಮನ್ ಸಂಗೀತಗಾರ ಕಾರ್ಲ್ ಓರ್ಫ್ 1937ರಲ್ಲಿ ಪ್ರಸ್ತುತಪಡಿಸಿದ ‘ಕಾರ್ಮಿನಾ ಬುರಾನಾ’. ಹಾಲಿವುಡ್ ಅದರ ನಕಲುಗಳ ಮೇಲೆಯೇ ದಶಕಗಳ ಕಾಲ ಯುದ್ಧದೃಶ್ಯಗಳನ್ನು ಕಟ್ಟಿತು. ಕಾಳಗಕ್ಕೆ ಸಂಸ್ಕೃತದ ಮೇಳಗಾಯನವನ್ನು ಹೊಂದಿಸುವ ಯೋಚನೆಯೂ ಅಲ್ಲಿಯದೇ: 1999ರ ಸ್ಟಾರ್ ವಾರ್ಸ್ ಚಿತ್ರದ ಖಡ್ಗಯುದ್ಧಕ್ಕೆ ಜಾನ್ ವಿಲಿಯಮ್ಸ್ ಪ್ರಾಚೀನ ವೆಲ್ಶ್ ಕವಿತೆಯೊಂದರ ಭಾಗವನ್ನು ಸಂಸ್ಕೃತಕ್ಕೆ ಮಾಡಿಸಿ ಮೇಳದಿಂದ ಹಾಡಿಸಿದರು, 2003ರ ‘ದಿ ಮೇಟ್ರಿಕ್ಸ್ ರೆವಲ್ಯೂಷನ್ಸ್’ನ ಕೊನೆಯ ಕಾದಾಟಕ್ಕೆ ಡಾನ್ ಡೇವಿಸ್ ಉಪನಿಷತ್ತಿನ ಮಂತ್ರಗಳನ್ನೇ ಬಳಸಿದರು. ಹಾಲಿವುಡ್ಡಿನವರು ಅರ್ಥ ತಿಳಿಯದ ಗಾಂಭೀರ್ಯಕ್ಕಾಗಿ ಆರಿಸಿಕೊಂಡ ಭಾಷೆಯನ್ನು ಹನ್ನೆರಡು ವರ್ಷಗಳ ತರುವಾಯ ಅದೇ ರೂಪದಲ್ಲಿ ಆಮದು ಮಾಡಿಕೊಂಡು ಪೂರ್ವಜರ ಆಸ್ತಿಯೆಂದು ಹೆಮ್ಮೆಪಡುವುದಕ್ಕಿಂತ ದೊಡ್ಡ ವ್ಯಂಗ್ಯ ಯಾವುದಿದೆ?

ವೇದಪಠಣದ ಜೀವವಿರುವುದು ಉದಾತ್ತ, ಅನುದಾತ್ತ, ಸ್ವರಿತವೆಂಬ ಮೂರು ಸ್ವರಗಳ, ಎಂದರೆ ಏರು, ಇಳಿ, ಹೊರಳುಗಳ, ಕಟ್ಟುನಿಟ್ಟಾದ ಹಿಡಿತದಲ್ಲಿ; 2003ರಲ್ಲಿ ಯುನೆಸ್ಕೊ ಆ ಪರಂಪರೆಯನ್ನು ಮಾನವಕುಲದ ಮೌಖಿಕ ಪರಂಪರೆಯ ಮೇರುಕೃತಿಯೆಂದು ಸಾರಿದ್ದು ಆ ಶಿಸ್ತಿಗಾಗಿ. ಹೊಡೆದಾಟದ ಮೇಳಗಾಯನದಲ್ಲಿ ಆ ಮೂರೂ ಸ್ವರಗಳು ಡ್ರಮ್ಮಿನ ಏಟಿಗೆ ಸಿಕ್ಕಿ ಒಂದೇ ಕೂಗಾಗಿ ಚಪ್ಪಟೆಯಾಗುತ್ತವೆ. ನೆಲದ ವಾದ್ಯಗಳಿಗೂ ಇದೇ ಶಿಕ್ಷೆ. ಡೊಳ್ಳು ಬೀರೇಶ್ವರನ ಒಕ್ಕಲಿನದು, ಕಂಸಾಳೆ ಮಲೆ ಮಾದಪ್ಪನ ಗುಡ್ಡರದು, ತೆಂಬರೆ ಕೋಲದ ಕಳದ್ದು. ಪ್ರತಿಯೊಂದಕ್ಕೂ ತನ್ನ ದೈವ, ತನ್ನ ಕಥನ, ತನ್ನ ನಡೆಯಿದೆ. ಧ್ವನಿಮುದ್ರಣದ ಕೋಣೆಯಲ್ಲಿ ಅವೆಲ್ಲವೂ ಕಂಪ್ಯೂಟರಿನಲ್ಲಿ ಶೇಖರಿಸಿದ ಬಡಿತಗಳ ತುಣುಕುಗಳಾಗಿ, ನಾಯಕನ ಪ್ರತಿ ಹೆಜ್ಜೆಗೂ ಒಂದರಂತೆ ಹಚ್ಚುವ ಪಟಾಕಿಗಳಾಗುತ್ತವೆ. ಪಾತ್ರದ ಪ್ರವೇಶವನ್ನು ವಿಜೃಂಭಿಸುವುದು ಯಕ್ಷಗಾನಕ್ಕೆ ಗೊತ್ತಿರಲಿಲ್ಲವೇ? ಒಡ್ಡೋಲಗವೆಂದರೆ ಅದೇ, ಪಾತ್ರ ತನ್ನ ಪರಿವಾರದೊಡನೆ ರಂಗಕ್ಕೆ ಬರುವ ವೈಭವದ ಕುಣಿತ; ಆದರೆ ಅಲ್ಲಿ ದೇವತೆಗೊಂದು, ರಾಕ್ಷಸನಿಗೊಂದು, ಕಿರಾತನಿಗೊಂದು ಕ್ರಮವಿದ್ದು, ಚೆಂಡೆಯ ಪೆಟ್ಟು ಕೇಳಿಯೇ ಬಂದವನ ಸ್ವಭಾವವನ್ನು ಊಹಿಸಬಹುದಿತ್ತು. ಇಂದಿನ ಚಿತ್ರಗಳ ‘ಎಂಟ್ರಿ’ ಸಂಗೀತಗಳನ್ನು ಒಂದರದನ್ನು ಇನ್ನೊಂದಕ್ಕೆ ಅಂಟಿಸಿದರೆ ಗುರುತಿಸಬಲ್ಲವರೆಷ್ಟು ಮಂದಿ? ‘ವರಾಹ ರೂಪಂ’ ತನ್ನ ಹಾಡಿನ ನಕಲೆಂದು ಕೇರಳದ ವಾದ್ಯವೃಂದವೊಂದು ಆಕ್ಷೇಪಿಸಿದಾಗ ಜಗಳ ನ್ಯಾಯಾಲಯದವರೆಗೂ ಹೋಯಿತು. ಆ ಆಕ್ಷೇಪದ ಸರಿತಪ್ಪು ಏನೇ ಇರಲಿ, ಎರಡು ಮಿಶ್ರಸಂಗೀತದ ಹಾಡುಗಳಲ್ಲಿ ಯಾರದು ಮೊದಲೆಂಬ ಆ ಗದ್ದಲದಲ್ಲಿ ಪಾಡ್ದನದ ಧಾಟಿಗೆ ಆ ಗಳಿಗೆಯಲ್ಲಿ ಏಕೆ ಸ್ಥಾನ ಸಿಗಲಿಲ್ಲವೆಂದು ಕೇಳಿದವರು ವಿರಳ.

ಈ ಆರೋಪಗಳಿಗೆ ಸಿದ್ಧವಾಗಿರುವ ಉತ್ತರಗಳು ಎರಡು, ಮತ್ತು ಅವು ಒಂದನ್ನೊಂದು ಅಲ್ಲಗಳೆಯುತ್ತವೆ. ಟೀಕೆ ಬಂದಾಗ ಇದು ಬರಿಯ ಮನರಂಜನೆ ಎನ್ನಲಾಗುತ್ತದೆ. ಟಿಕೆಟ್ ಮಾರುವಾಗ ಇದು ಸಂಸ್ಕೃತಿಯ ಸೇವೆ ಎನ್ನಲಾಗುತ್ತದೆ. 2023ರ ‘ಆದಿಪುರುಷ್’ಗಾಗಿ ಪ್ರತಿ ಚಿತ್ರಮಂದಿರದಲ್ಲೂ ಹನುಮಂತನಿಗೊಂದು ಆಸನ ಕಾದಿರಿಸುವುದಾಗಿ ಸಾರಿದವರು ಮನರಂಜನೆಯನ್ನು ಮಾರುತ್ತಿದ್ದರೋ ಪುಣ್ಯವನ್ನೋ? ಆ ಚಿತ್ರಕ್ಕೆ ಎದ್ದ ವಿರೋಧವೂ ಸಂಭಾಷಣೆಯ ಹಗುರತನ, ವೇಷಭೂಷಣಗಳ ಸುತ್ತ ಸುತ್ತಿ, ಕೆಲವು ಮಾತುಗಳನ್ನು ತಿದ್ದಿದ ಕೂಡಲೇ ಕಾವು ಕಳೆದುಕೊಂಡಿತು. ರಾಮಾಯಣವನ್ನು ಒಂದು ಕಾದಾಟಕ್ಕೆ ಇಳಿಸಿದ್ದರ ಬಗ್ಗೆ ಯಾರಿಗೂ ನೋವಾಗಲಿಲ್ಲ. ಹೊಸ ತಲೆಮಾರು ಈ ನೆಪದಲ್ಲಾದರೂ ಪುರಾಣದತ್ತ ಬಂದಿದೆಯೆಂಬ ಸಮಾಧಾನವೂ ಟೊಳ್ಳು, ಏಕೆಂದರೆ ಆ ತಲೆಮಾರು ಬಂದು ನಿಂತಿರುವುದು ಪ್ರಶ್ನೆಗಳನ್ನೆಲ್ಲ ತೆಗೆದುಹಾಕಿದ ಪುರಾಣದ ಎದುರು. ದೇವರು ಯಾವಾಗಲೂ ಬಲಶಾಲಿಯ ಪಕ್ಷದಲ್ಲಿರುತ್ತಾನೆ, ಎದುರಾಳಿಗೆ ಮಾತಿನ ಹಕ್ಕಿಲ್ಲ, ರಕ್ತ ಹರಿದರೆ ಧರ್ಮ ಗೆದ್ದಂತೆ ಎಂಬುದನ್ನಷ್ಟೇ ಅದು ಕಲಿಯುತ್ತಿದೆ. ಇಂಥ ಪಾಠ ಕಲಿತ ಸಮಾಜ ಬೀದಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ.

ಆದ್ದರಿಂದ ಬದಲಾವಣೆಯ ಬೇಡಿಕೆ ಸ್ಪಷ್ಟವಾಗಿರಬೇಕು. ಕಥೆಗಾರರು ಕಾಳಗಕ್ಕೆ ದೇವರನ್ನು ಕರೆದರೆ, ಕಾಳಗದ ಮರುದಿನದ ಲೆಕ್ಕವನ್ನೂ ತೆರೆಯ ಮೇಲೆ ಕೊಡಲಿ. ಕೊಲ್ಲಿಸುವ ಮೊದಲು ಎದುರಾಳಿಗೆ ನಾಲಗೆ ಕೊಡಲಿ, ಅವನ ವಾದ ನಾಯಕನನ್ನು ತಡವರಿಸುವಷ್ಟು ಗಟ್ಟಿಯಾಗಿರಲಿ. ಸಂಗೀತ ನಿರ್ದೇಶಕರು ಡೊಳ್ಳು, ತೆಂಬರೆ, ಕಂಸಾಳೆಗಳನ್ನು ಸಂಗ್ರಹದ ತುಣುಕುಗಳಿಂದ ಎತ್ತುವುದನ್ನು ಬಿಟ್ಟು, ನುಡಿಸುವವರನ್ನು ಕರೆಸಿ, ಅವರ ಹೆಸರನ್ನು ಶೀರ್ಷಿಕೆಯಲ್ಲಿ ಮುದ್ರಿಸಿ, ಹಾಡಿನ ಹಕ್ಕಿನಿಂದ ಬರುವ ವರಮಾನದಲ್ಲಿ ಅವರಿಗೆ ಪಾಲು ಕೊಡಲಿ. ಒಂದು ಸಮುದಾಯದ ಆರಾಧನೆಯನ್ನು ಬಳಸುವ ನಿರ್ಮಾಪಕರು ಆ ಸಮುದಾಯದ ಒಪ್ಪಿಗೆಯನ್ನೂ ಗಳಿಕೆಯಲ್ಲಿ ಅದರ ಭಾಗವನ್ನೂ ಚಿತ್ರೀಕರಣಕ್ಕೆ ಮೊದಲೇ ಲಿಖಿತವಾಗಿ ನಿರ್ಧರಿಸಲಿ, ಮತ್ತು ಹಾಗೆ ಮಾಡದ ಚಿತ್ರಗಳಿಗೆ ಸರ್ಕಾರ ಸಹಾಯಧನ, ಪ್ರಶಸ್ತಿಗಳನ್ನು ನಿರಾಕರಿಸಲಿ. ಜಾನಪದ, ಯಕ್ಷಗಾನ, ತುಳು ಅಕಾಡೆಮಿಗಳು ಇರುವುದು ಗೆದ್ದ ಚಿತ್ರಗಳಿಗೆ ಶಾಲು ಹೊದಿಸುವುದಕ್ಕಲ್ಲ, ಇಂಥ ಷರತ್ತುಗಳಿಗಾಗಿ ಸರ್ಕಾರದ ಬೆನ್ನು ಹತ್ತುವುದಕ್ಕೆ. ವಿಮರ್ಶಕರು ಮೈ ಜುಮ್ಮೆಂದಿತೆಂಬ ವರದಿಯನ್ನು ವಿಮರ್ಶೆಯೆಂದು ಕರೆಯುವುದನ್ನು ನಿಲ್ಲಿಸಿ, ಈ ಚಿತ್ರ ಯಾವ ಪುರಾಣದ ಯಾವ ಪ್ರಶ್ನೆಯನ್ನು ನುಂಗಿಹಾಕಿದೆ ಎಂಬಲ್ಲಿಂದ ಬರವಣಿಗೆ ಆರಂಭಿಸಲಿ. ಎಲ್ಲಕ್ಕಿಂತ ಮಿಗಿಲಾಗಿ ಪ್ರೇಕ್ಷಕರು, ಪಂಪನಿಂದ ಯಕ್ಷಗಾನದವರೆಗೆ ಸಾವಿರ ವರ್ಷ ದೇವರೊಡನೆ ವಾದ ಮಾಡುತ್ತ ಬಂದ ನಾಡಿನ ವಾರಸುದಾರರು, ಆರತಿ ಕಂಡೊಡನೆ ವಿವೇಕವನ್ನು ಚಿತ್ರಮಂದಿರದ ಬಾಗಿಲಲ್ಲಿ ಬಿಡುವ ವಿಧೇಯತೆಯನ್ನು ಕೈಬಿಡಬೇಕು. ಪರಂಪರೆಯ ಹೆಸರು ಹೇಳಿ ಹಣ ಕೇಳುವವರಿಂದ ಪರಂಪರೆಯ ಪೂರ್ತಿ ತೂಕವನ್ನು ಕೇಳಿ ಪಡೆಯುವುದು ಟಿಕೆಟ್ ಕೊಂಡ ಪ್ರತಿಯೊಬ್ಬರ ಹಕ್ಕು. ಆ ತೂಕ ಕೊಡಲಾಗದ ಚಿತ್ರ ಎಷ್ಟೇ ಕೋಟಿ ಗಳಿಸಲಿ, ಎಷ್ಟೇ ದೇವರುಗಳನ್ನು ತೆರೆಗೆ ತರಲಿ, ಅದಕ್ಕೆ ಸಂಸ್ಕೃತಿಯೆಂಬ ಹೆಸರನ್ನು ಒಂದೇ ದನಿಯಲ್ಲಿ ನಿರಾಕರಿಸಬೇಕು.